ಹಾಡಿದರೆ ಇಂಗಾಲ ಇಳಿಯುತ್ತದೆಯೇ?

ಪರಿಸರ ದಿನ ಹತ್ತಿರ ಬಂದ ಹಾಗೆ ಓದುಗರಿಂದ ಹೆಚ್ಚುಕಮ್ಮಿ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ವಾಹನದ ಹೊಗೆಯಿಂದ ಶಾಯಿ ಮಾಡಿ ಚಿತ್ರ ಬರೆದರೆ ಗಾಳಿ ಶುದ್ಧವಾಗುತ್ತದಂತೆ, ನಿಜವೇ? ಗಿಡಗಳಿಗೆ ಸಂಗೀತ ಕೇಳಿಸಿದರೆ ಬೇಗ ಬೆಳೆದು ಹೆಚ್ಚು ಇಂಗಾಲದ ಡೈಆಕ್ಸೈಡ್ ಹೀರುತ್ತವಂತೆ, ಹೌದೇ? ಶಾಲೆಯಲ್ಲಿ ಮಕ್ಕಳಿಂದ ಪರಿಸರ ಗೀತೆ ಹಾಡಿಸುತ್ತಾರೆ, ಕಾಂಪೌಂಡಿನ ಮೇಲೆ ಹಸಿರು ಚಿತ್ರ ಬರೆಸುತ್ತಾರೆ, ಅದರಿಂದ ಏನಾದರೂ ಆಗುತ್ತದೆಯೇ? ಇವನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಒಮ್ಮೆ ಬರೆಯಬೇಕು ಎಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಬೆಂಗಳೂರಿನ ನಾಗಸಂದ್ರದ ಕಡೆಯವರಿಗೆ ಈ ಪ್ರಶ್ನೆ ಬರಿಯ ಕುತೂಹಲದ್ದಲ್ಲ. ಪಕ್ಕದಲ್ಲಿ ಪೀಣ್ಯದ ಕಾರ್ಖಾನೆಗಳು, ಮುಂದೆ ಪುಣೆ–ಮುಂಬೈಗೆ ಹೋಗುವ ಹೆದ್ದಾರಿ, ತಲೆಯ ಮೇಲೆ ಮೇಲ್ಸೇತುವೆ, ಅದರ ಜೊತೆಗೆ ಮೆಟ್ರೊ. 2015ರ ಮೇ ತಿಂಗಳಲ್ಲಿ ಬಂದ ಮೆಟ್ರೊ 2024ರ ನವೆಂಬರಿನಲ್ಲಿ ಮಾದಾವರದವರೆಗೆ ಹೋಗುವ ತನಕ ಹಸಿರು ಮಾರ್ಗಕ್ಕೆ ನಾಗಸಂದ್ರವೇ ಕೊನೆ. ನಿಲ್ದಾಣದ ಮೆಟ್ಟಿಲಿಳಿದು ಸರ್ವಿಸ್ ರಸ್ತೆಗೆ ಬಂದರೆ ಮೂಗಿಗೆ ಬಡಿಯುವುದು ಡೀಸೆಲ್ ಹೊಗೆ. ಆದರೆ ಮೊದಲು ತಿಳಿಯಬೇಕಾದದ್ದು ಇಲ್ಲೇ ಇದೆ. ಕಣ್ಣಿಗೆ ಕಾಣುವ, ಮೂಗಿಗೆ ಬಡಿಯುವ ಆ ಹೊಗೆ ಇಂಗಾಲದ ಡೈಆಕ್ಸೈಡ್ ಅಲ್ಲ. ಲಾರಿಯ ಕೊಳವೆಯಿಂದ ಎರಡೂ ಬರುತ್ತವೆ. ಕಪ್ಪಗೆ ಕಾಣುವುದು ಮಸಿ, ಅಂದರೆ ಪೂರ್ತಿ ಉರಿಯದೆ ಉಳಿದ ಇಂಗಾಲದ ಸೂಕ್ಷ್ಮ ಕಣ. ಪೂರ್ತಿ ಉರಿದ ಇಂಗಾಲ ಬಣ್ಣವಿಲ್ಲದ, ವಾಸನೆಯಿಲ್ಲದ ಅನಿಲವಾಗಿ ಮೇಲೇರುತ್ತದೆ. ಮಸಿ ನಮ್ಮ ಶ್ವಾಸಕೋಶಕ್ಕೆ ಇಳಿಯುತ್ತದೆ, ಮಳೆ ಬಂದರೆ ಕೆಲವೇ ದಿನಗಳಲ್ಲಿ ಗಾಳಿಯಿಂದ ತೊಳೆದುಹೋಗುತ್ತದೆ. ಆ ಅನಿಲದ ಒಂದು ಪಾಲಂತೂ ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ಗಾಳಿಯಲ್ಲೇ ಇರುತ್ತದೆ.

ಹೊಗೆಯಿಂದ ಶಾಯಿ ಮಾಡಿದ ಕತೆ ನಿಜ, ಅದು ನಮ್ಮ ಬೆಂಗಳೂರಿನದೇ. ಎಂಐಟಿ ಮೀಡಿಯಾ ಲ್ಯಾಬಿನಲ್ಲಿ ಓದಿದ ಅನಿರುದ್ಧ ಶರ್ಮ ಮತ್ತು ಸಂಗಡಿಗರು ಇಲ್ಲಿ ಗ್ರಾವಿಕಿ ಲ್ಯಾಬ್ಸ್ ಎಂಬ ಸಂಸ್ಥೆ ಕಟ್ಟಿ, ವಾಹನ ಮತ್ತು ಜನರೇಟರಿನ ಹೊಗೆಕೊಳವೆಗೆ ಹಾಕುವ ಒಂದು ಸಾಧನ ರೂಪಿಸಿದರು. ಅದರಲ್ಲಿ ಸಿಕ್ಕಿದ ಮಸಿಯಿಂದ ವಿಷಕಾರಿ ಲೋಹಗಳನ್ನು ಬೇರ್ಪಡಿಸಿ ಏರ್‌ಇಂಕ್ ಎಂಬ ಕಪ್ಪು ಶಾಯಿ ಮಾಡಿದರು. ಒಂದು ಕಾರು ಮುಕ್ಕಾಲು ಗಂಟೆ ಉಗುಳುವ ಹೊಗೆಯಿಂದ 30 ಮಿಲಿಲೀಟರ್ ಶಾಯಿ ಆಗುತ್ತದೆ ಎಂಬುದು ಅವರ ಲೆಕ್ಕ. 2016ರಲ್ಲಿ ಹಾಂಗ್‌ಕಾಂಗಿನ ಕಲಾವಿದರು ಆ ಶಾಯಿಯಲ್ಲಿ ಬೀದಿ ಗೋಡೆಗಳ ಮೇಲೆ ಚಿತ್ರ ಬರೆದರು. ನನಗೆ ಈ ಕೆಲಸದ ಬಗ್ಗೆ ತುಂಬ ಗೌರವವಿದೆ. ನಮ್ಮ ಎದೆಗೆ ಇಳಿಯಬೇಕಿದ್ದ ಮಸಿ ಕಾಗದದ ಮೇಲೆ ಉಳಿಯಿತಲ್ಲ, ಅದು ಸಣ್ಣ ಮಾತಲ್ಲ. ಆದರೆ ಆ ಸಾಧನ ಹಿಡಿದದ್ದು ಮಸಿಯನ್ನು. ಜೊತೆಗೆ ಹೊರಟ ಇಂಗಾಲದ ಡೈಆಕ್ಸೈಡ್ ಎಂದಿನಂತೆ ಆಕಾಶ ಸೇರಿತು. ಚಿತ್ರ ಬರೆದು ವಾತಾವರಣದ ಇಂಗಾಲ ಇಳಿಸಿದರು ಎಂದು ಯಾರಾದರೂ ಹೇಳಿದರೆ ಎರಡು ಬೇರೆ ಸಂಗತಿಗಳನ್ನು ಬೆರೆಸಿದ್ದಾರೆ ಎಂದೇ ಅರ್ಥ.

ಹಾಗಾದರೆ ಗಾಳಿಯಿಂದ ಆ ಅನಿಲವನ್ನು ತೆಗೆಯುವುದು ಏಕೆ ಅಷ್ಟು ಕಷ್ಟ? ಅದು ತೀರ ಚದುರಿಹೋಗಿರುವುದೇ ಕಾರಣ. ಗಾಳಿಯ ಹತ್ತು ಸಾವಿರ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡಿನದು ಈಗ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು. ಕಾರ್ಖಾನೆಗಳ ಯುಗ ಶುರುವಾಗುವ ಮುಂಚೆ ಮೂರಕ್ಕೂ ಕಡಿಮೆ ಇತ್ತು. ಅಷ್ಟೇ ವ್ಯತ್ಯಾಸಕ್ಕೆ ಭೂಮಿ ಇಷ್ಟು ಕಾಯುತ್ತಿದೆ. ಹತ್ತು ಸಾವಿರ ಜನ ಸೇರಿದ ಜಾತ್ರೆಯಲ್ಲಿ ನಾಲ್ವರನ್ನು ಹುಡುಕಿ ಹೊರತರಬೇಕೆಂದರೆ ಎಲ್ಲರ ಮುಖವನ್ನೂ ನೋಡಬೇಕಾಗುತ್ತದೆ. ಯಂತ್ರದ ಪಾಡೂ ಹಾಗೆಯೇ. ದೊಡ್ಡ ದೊಡ್ಡ ಫ್ಯಾನುಗಳಿಂದ ಗಾಳಿ ಎಳೆದು, ರಾಸಾಯನಿಕದ ಮೇಲೆ ಹಾಯಿಸಿ, ಅಂಟಿಕೊಂಡ ಅನಿಲವನ್ನು ಮತ್ತೆ ಕಾಯಿಸಿ ಬಿಡಿಸಬೇಕು. ಐಸ್‌ಲ್ಯಾಂಡಿನಲ್ಲಿ ಕ್ಲೈಮ್‌ವರ್ಕ್ಸ್ ಕಂಪನಿ 2021ರಲ್ಲಿ ಆರಂಭಿಸಿದ ಘಟಕದ ಸಾಮರ್ಥ್ಯ ವರ್ಷಕ್ಕೆ 4,000 ಟನ್, 2024ರಲ್ಲಿ ಆರಂಭಿಸಿದ್ದರದು 36,000 ಟನ್. ಜಗತ್ತು ಕಲ್ಲಿದ್ದಲು, ತೈಲ, ಅನಿಲ ಸುಟ್ಟು ವರ್ಷಕ್ಕೆ ಹೊರಬಿಡುತ್ತಿರುವುದು 3,700 ಕೋಟಿ ಟನ್ನಿನ ಆಸುಪಾಸು. ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸೆಬಾಸ್ಟಿಯನ್ ಪೀಟರ್ ಅವರ ತಂಡ ಇನ್ನೊಂದು ದಾರಿ ಹಿಡಿದಿದೆ. ಈ ಅನಿಲವನ್ನು ವೇಗವರ್ಧಕಗಳ ನೆರವಿನಿಂದ ಮೆಥನಾಲ್ ಆಗಿಸುವ ದಾರಿ ಅದು. ಅವರ ‘ಬ್ರೀದ್’ ತಂಡ 2018ರಲ್ಲಿ ಕಾರ್ಬನ್ ಎಕ್ಸ್‌ಪ್ರೈಜ್ ಸ್ಪರ್ಧೆಯ ಅಂತಿಮ ಹತ್ತರಲ್ಲಿ ಒಂದಾಗಿತ್ತು. ಆದರೆ ಇಂಥ ವಿಧಾನ ಅನಿಲ ದಟ್ಟವಾಗಿ ಸಿಗುವ ಚಿಮಣಿಯ ಬಾಯಲ್ಲಿ ಸುಲಭ, ಬಯಲ ಗಾಳಿಯಲ್ಲಿ ಅಲ್ಲ.

ಬಯಲ ಗಾಳಿಯಿಂದ ಬಿಸಿಲಿನ ಖರ್ಚಿನಲ್ಲೇ ಇಂಗಾಲ ಹಿಡಿಯುವ ಕೆಲಸವನ್ನು ಮರ ಮಾಡುತ್ತದೆ. ಎಷ್ಟು ಹಿಡಿಯುತ್ತದೆ ಎಂಬುದನ್ನು ನಾಗಸಂದ್ರದ ಹೆದ್ದಾರಿಯ ಪಕ್ಕವೇ ನಿಂತು ಲೆಕ್ಕ ಹಾಕೋಣ. ಮರದ ಒಣ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಒಂದು ಕಿಲೊ ಇಂಗಾಲ ಕೂಡಿಡಲು ಮೂರೂವರೆ ಕಿಲೊಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಬೇಕು. ಹೀಗಾಗಿ ಒಣ ತೂಕ ಒಂದು ಟನ್ ಇರುವ ಮರ ತನ್ನೊಳಗೆ 1.8 ಟನ್‌ನಷ್ಟು ಅನಿಲವನ್ನು ಕಟ್ಟಿಟ್ಟುಕೊಂಡಿರುತ್ತದೆ. ಅಷ್ಟು ಬೆಳೆಯಲು ಅದಕ್ಕೆ ದಶಕಗಳೇ ಬೇಕು. ಇತ್ತ ಒಂದು ಲೀಟರ್ ಡೀಸೆಲ್ ಸುಟ್ಟರೆ ಎರಡೂವರೆ ಕಿಲೊ ಮೀರಿ ಅನಿಲ ಬರುತ್ತದೆ. ಲೀಟರಿಗೆ ನಾಲ್ಕು ಕಿಲೋಮೀಟರ್ ಓಡುವ ಲಾರಿ ಇಲ್ಲಿಂದ ಮುಂಬೈಗೆ ಹೋಗಿ, ವಾಪಸು ಬಂದು, ಮತ್ತೊಮ್ಮೆ ಮುಂಬೈ ಮುಟ್ಟುವ ಮೊದಲೇ ಆ ಮರದ ಜೀವಮಾನದ ಗಳಿಕೆಯನ್ನು ಮುಗಿಸಿಬಿಡುತ್ತದೆ. ಈ ಲೆಕ್ಕ ಮಾಡಿದಾಗಲೆಲ್ಲ ನನಗೆ ಎರಡು ಮಾತು ಹೊಳೆಯುತ್ತವೆ. ಮರ ನೆಟ್ಟು ಡೀಸೆಲ್ಲಿನ ಪಾಪ ತೊಳೆಯಲಾಗದು, ಸುಡುವುದನ್ನು ಕಡಿಮೆ ಮಾಡದೆ ಗತಿಯಿಲ್ಲ. ಎರಡನೆಯದು, ದಶಕಗಳಿಂದ ಕಟ್ಟಿಟ್ಟುಕೊಂಡು ನಿಂತ ಮರವನ್ನು ಕಡಿದು ‘ಬದಲಿಗೆ ಹತ್ತು ಸಸಿ ನೆಡುತ್ತೇವೆ’ ಎನ್ನುವುದು ಲೆಕ್ಕಕ್ಕೆ ಬಾರದ ಮಾತು. ಹತ್ತು ಸಸಿಗಳೂ ಬದುಕಿದರೂ ಆ ಗಳಿಕೆ ವಾಪಸು ಬರುವ ಹೊತ್ತಿಗೆ ಇಂದಿನ ಮಕ್ಕಳು ನಡುವಯಸ್ಸಿಗೆ ಬಂದಿರುತ್ತಾರೆ.

ಇನ್ನು ಸಂಗೀತದ ಮಾತು. 1950ರ ದಶಕದಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಟಿ.ಸಿ. ಸಿಂಗ್ ಗಿಡಗಳಿಗೆ ಶಾಸ್ತ್ರೀಯ ಸಂಗೀತ ಕೇಳಿಸಿ, ಅವು ಹೆಚ್ಚು ಬೆಳೆದವು ಎಂದು ವರದಿ ಮಾಡಿದ್ದರು. ಅಂದಿನಿಂದ ಈ ಕತೆ ನಿಂತೇ ಇಲ್ಲ. ಕಂಪನಕ್ಕೆ ಸಸ್ಯಗಳು ಸ್ಪಂದಿಸುತ್ತವೆ ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಹಾಡು ಕೇಳಿಸಿ ಕಾಡನ್ನು ದಪ್ಪ ಮಾಡಬಹುದು ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಇದಕ್ಕಿಂತ ನನ್ನನ್ನು ಹೆಚ್ಚು ಸೆಳೆದದ್ದು ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದವರು 2024ರಲ್ಲಿ ಪ್ರಕಟಿಸಿದ ಪ್ರಯೋಗ. ಮಣ್ಣಿನ ಒಂದು ಶಿಲೀಂಧ್ರಕ್ಕೆ ದಿನಕ್ಕೆ ಅರ್ಧ ಗಂಟೆ ಒಂದೇ ಶ್ರುತಿಯ ಜೋರು ಸದ್ದು ಕೇಳಿಸಿದಾಗ ಅದು ಸದ್ದಿಲ್ಲದ ಕಡೆಗಿಂತ ಚೆನ್ನಾಗಿ ಬೆಳೆಯಿತು, ಹೆಚ್ಚು ಬೀಜಕಣ ಬಿಟ್ಟಿತು. ಆ ಶಿಲೀಂಧ್ರ ಯಾವುದು ಗೊತ್ತೇ? ಟ್ರೈಕೋಡರ್ಮಾ. ಅಡಿಕೆ, ಮೆಣಸು ಬೆಳೆಯುವ ನಮ್ಮ ರೈತರು ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿಯ ಜೊತೆ ಕಲಸಿ ಬುಡಕ್ಕೆ ಹಾಕುವ ಅದೇ ಟ್ರೈಕೋಡರ್ಮಾ. ಮಣ್ಣು ಚೇತರಿಸಿಕೊಂಡರೆ ಗಿಡ ಚೇತರಿಸಿಕೊಳ್ಳುತ್ತದೆ, ಗಿಡ ಬೆಳೆದರೆ ಇಂಗಾಲ ನೆಲಕ್ಕೆ ಇಳಿಯುತ್ತದೆ. ಸದ್ದಿನಿಂದ ಇಂಗಾಲದವರೆಗೆ ಒಂದು ದಾರಿ ಇದ್ದೀತು ಎಂಬ ಸುಳಿವು ಇದು. ಆದರೆ ಪ್ರಯೋಗಾಲಯದ ಬಟ್ಟಲಿನಿಂದ ಹೊಲದವರೆಗಿನ ದೂರ ಬಹಳ. ಇದನ್ನೇ ನಂಬಿ ತೋಟಕ್ಕೆ ಸ್ಪೀಕರ್ ಕಟ್ಟಲು ಹೊರಡಬೇಡಿ.

ಹಾಗಾದರೆ ಕಲೆಯಿಂದ, ಹಾಡಿನಿಂದ ಏನೂ ಆಗದು ಎಂದು ನಾನು ಹೇಳುತ್ತಿದ್ದೇನೆಯೇ? ಖಂಡಿತ ಇಲ್ಲ. ಮರಕ್ಕೆ ಬೇಕಾದದ್ದು ಕಾಲ. ಇಪ್ಪತ್ತು, ಮೂವತ್ತು, ಐವತ್ತು ವರ್ಷ ಅದನ್ನು ಯಾರೂ ಕಡಿಯದಂತೆ ಇಡಬೇಕು. ಅಷ್ಟು ದೀರ್ಘ ಕಾಲ ಜನರ ಮನಸ್ಸನ್ನು ಒಂದು ಮರದ ಕಡೆ ಹಿಡಿದಿಡುವ ಶಕ್ತಿ ಸರ್ಕಾರದ ಆದೇಶಕ್ಕೂ ಇಲ್ಲ, ಸಸಿ ನೆಡುವ ಸಮಾರಂಭಕ್ಕೂ ಇಲ್ಲ. ಕತೆಗೆ ಇದೆ, ಹಾಡಿಗೆ ಇದೆ, ಕುಣಿತಕ್ಕೆ ಇದೆ. ಕರ್ನಾಟಕ ಇದನ್ನು ಮಾಡಿ ತೋರಿಸಿದೆ.

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿ ಮತ್ತು ಸುತ್ತಲಿನ ಊರಿನವರು ಕಳಾಸೆಯ ಕಾಡಿಗೆ ನಡೆದುಹೋಗಿ, ಕೊಡಲಿ ಬೀಳಲಿದ್ದ ಮರಗಳನ್ನು ತಬ್ಬಿ ನಿಂತರು. ಅದಕ್ಕೆ ಮುನ್ನ ಚಿಪ್ಕೊ ಚಳವಳಿಯ ಸುಂದರಲಾಲ್ ಬಹುಗುಣ ಆ ಕಡೆ ಬಂದು ಹೋಗಿದ್ದರು, ಪಾಂಡುರಂಗ ಹೆಗಡೆ ಊರೂರು ಸುತ್ತಿದ್ದರು. ಕಾಗದ, ಪ್ಲೈವುಡ್ ಕಾರ್ಖಾನೆಗಳಿಗಾಗಿ ಕಾಡು ಕರಗುತ್ತಿತ್ತು, ಸಹಜ ಕಾಡನ್ನು ಬೋಳಿಸಿ ತೇಗ, ನೀಲಗಿರಿ ನೆಡಲಾಗುತ್ತಿತ್ತು. ಅಡಿಕೆ ತೋಟಕ್ಕೆ ಸೊಪ್ಪು, ದರಕು ಕೊಡುವ ಬೆಟ್ಟ ಬರಿದಾದರೆ, ಹಳ್ಳದ ನೀರು ಬತ್ತಿದರೆ ಬದುಕು ಹೇಗೆ ಎಂಬುದು ಅವರ ಪ್ರಶ್ನೆಯಾಗಿತ್ತು. ಮೂವತ್ತೆಂಟು ದಿನ ನಡೆದ ಆ ಪಹರೆಯ ಕೊನೆಗೆ ಸರ್ಕಾರ ಮರ ಕಡಿಯುವ ಆದೇಶ ಹಿಂತೆಗೆದುಕೊಂಡಿತು. ಅಪ್ಪಿಕೊ ಎಂದು ಹೆಸರಾದ ಆ ಚಳವಳಿ ಅಲ್ಲಿಗೆ ನಿಲ್ಲಲಿಲ್ಲ. ಮಲೆನಾಡಿನ ಒಳಗೊಳಗಿನ ಊರುಗಳಿಗೆ ಅದು ಹರಡಿದ್ದು ಕರಪತ್ರದಿಂದಲ್ಲ. ಪಾದಯಾತ್ರೆ, ಜಾನಪದ ಕುಣಿತ, ಬೀದಿ ನಾಟಕ, ಸ್ಲೈಡ್ ಪ್ರದರ್ಶನಗಳಿಂದ. ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತು ಓದು ಬಾರದವರ ಬಾಯಲ್ಲೂ ನಿಂತವು. ಇಂಗಾಲದ ಡೈಆಕ್ಸೈಡಿನ ಮಾತನ್ನು ಆಗ ಊರಲ್ಲಿ ಯಾರೂ ಆಡುತ್ತಿರಲಿಲ್ಲ. ಆದರೂ ಅವರು ಉಳಿಸಿದ ಪ್ರತಿ ಮರವೂ ತನ್ನೊಳಗಿನ ಇಂಗಾಲವನ್ನು ಬಿಟ್ಟುಕೊಡದೆ ನಿಂತಿತು, ಪ್ರತಿ ಮಳೆಗಾಲಕ್ಕೂ ಇನ್ನಷ್ಟು ಸೇರಿಸಿಕೊಂಡಿತು. ತಬ್ಬಿ ನಿಲ್ಲುವುದೇ ಒಂದು ದೃಶ್ಯ. ನೋಡಿದವರು ಮರೆಯಲಾರರು, ಕೊಡಲಿ ಹಿಡಿದವನೂ ಮರೆಯಲಾರ.

ನಾಲ್ಕು ವರ್ಷದ ನಂತರ, 1987ರ ನವೆಂಬರ್ 14ರಂದು, ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಇನ್ನೊಂದು ಬಗೆಯ ದೃಶ್ಯ ನಡೆಯಿತು. ಹಳ್ಳಿಗಳ ಗೋಮಾಳ, ಸಾಮೂಹಿಕ ಭೂಮಿಯನ್ನು ಕಾರ್ಖಾನೆಗೆ ತಿರುಳು ಒದಗಿಸುವ ನೀಲಗಿರಿ ತೋಪಿಗೆ ಕೊಟ್ಟಿದ್ದನ್ನು ವಿರೋಧಿಸಿ ಜನ ನೀಲಗಿರಿ ಸಸಿ ಕಿತ್ತರು, ಆ ಜಾಗದಲ್ಲಿ ತಮಗೆ ಬೇಕಾದ ಸಸಿ ನೆಟ್ಟರು. ‘ಕಿತ್ತಿಕೊ–ಹಚ್ಚಿಕೊ’ ಎಂದೇ ಅದಕ್ಕೆ ಹೆಸರು. ಆ ಹೋರಾಟದ ಹಿಂದಿದ್ದದ್ದು ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ. ಭೂಮಿ ಕೊಟ್ಟದ್ದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಮುಂದೆ ನಿಂತವರು ಶಿವರಾಮ ಕಾರಂತರು. ಯಕ್ಷಗಾನದ ರಂಗಕ್ಕೆ ಹೊಸ ರೂಪ ಕೊಡಲು ಜೀವ ತೇಯ್ದ ಕಲಾವಿದ ನೆಲ, ಕಾಡಿನ ಮೊಕದ್ದಮೆಗೂ ಹೆಗಲು ಕೊಟ್ಟದ್ದು ನನಗೆ ಆಕಸ್ಮಿಕ ಅನಿಸುವುದಿಲ್ಲ. ಎರಡಕ್ಕೂ ಬೇಕಾದ ತಾಳ್ಮೆ ಒಂದೇ ಜಾತಿಯದು.

ನಾಗಸಂದ್ರದಿಂದ ನೆಲಮಂಗಲ ದಾಟಿ ಕುದೂರಿನ ಕಡೆ ಹೋದರೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಇದೆ. ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ತಿಮ್ಮಕ್ಕ, ಚಿಕ್ಕಯ್ಯ ದಂಪತಿ ನೆಟ್ಟು, ಮೈಲಿಗಟ್ಟಲೆ ನೀರು ಹೊತ್ತು, ಮುಳ್ಳು ಕಟ್ಟಿ ಕಾಯ್ದು ಬೆಳೆಸಿದ 385 ಆಲದ ಮರಗಳು. ಸಾಲುಮರದ ತಿಮ್ಮಕ್ಕ 2025ರ ನವೆಂಬರಿನಲ್ಲಿ ತೀರಿಕೊಂಡರು. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡುವಾಗ ಆ ಮರಗಳಿಗೂ ಕುತ್ತು ಬಂದಿತ್ತು. ಅವರು ಮುಖ್ಯಮಂತ್ರಿಗೆ ಮನವಿ ಮಾಡಿದರು, ನಾಡೇ ಅವರ ಹಿಂದೆ ನಿಂತಿತು, ಬೇರೆ ದಾರಿ ನೋಡುವುದಾಗಿ ಸರ್ಕಾರ ಭರವಸೆ ಕೊಟ್ಟಿತು. ಅದೇ ಕಾಲದಲ್ಲಿ ನಾಡಿನ ಬೇರೆ ಎಷ್ಟೋ ರಸ್ತೆಗಳ ಬದಿಯ ಮರಗಳು ಕೇಳುವವರಿಲ್ಲದೆ ಉರುಳಿದವು. ಅವೂ ಅಷ್ಟೇ ಇಂಗಾಲ ಹಿಡಿದಿದ್ದವು, ಅಷ್ಟೇ ನೆರಳು ಕೊಟ್ಟಿದ್ದವು. ವ್ಯತ್ಯಾಸ ಇದ್ದದ್ದು ಒಂದೇ. ಹುಲಿಕಲ್ಲಿನ ಮರಗಳಿಗೆ ಕತೆ ಇತ್ತು. ಆ ಕತೆಯನ್ನು ಮಕ್ಕಳು ಪಾಠದಲ್ಲಿ ಓದಿದ್ದರು, ಭಾಷಣಗಳಲ್ಲಿ ಕೇಳಿದ್ದರು.

ಉತ್ತರ ಬೆಂಗಳೂರಿನವರಿಗೆ ನೆನಪಿರುವ ಇನ್ನೊಂದು ಪ್ರಸಂಗ ಉಂಟು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟಲು ಹೊರಟಾಗ, ಯೋಜನಾ ವರದಿಯ ಲೆಕ್ಕದಂತೆಯೇ 812 ಮರ ಬೀಳಬೇಕಿತ್ತು. 2016ರ ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಬಳ್ಳಾರಿ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ನಿಂತರು. ‘ಸ್ಟೀಲ್ ಫ್ಲೈಓವರ್ ಬೇಡ’ ಎಂಬ ಕೂಗು ಕನ್ನಡ ಬಾರದವರ ಬಾಯಲ್ಲೂ ಕೇಳಿಸಿತು. ಹಸಿರು ನ್ಯಾಯಮಂಡಳಿಯ ತಡೆ, ಭ್ರಷ್ಟಾಚಾರದ ಆರೋಪಗಳು, ರಾಜಕೀಯ ಒತ್ತಡ ಎಲ್ಲವೂ ಕೆಲಸ ಮಾಡಿದವು, ನಿಜ. ಆದರೆ 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಾಗ ಎಲ್ಲರ ಮನಸ್ಸಿನಲ್ಲಿದ್ದದ್ದು ಆ ಸಾಲು, ಆ ಕೂಗು.

ಹೊರಗಿನ ಜಗತ್ತಿನಲ್ಲಿ ಕೆಲವು ಕಲಾವಿದರು ಇದನ್ನೇ ತಮ್ಮ ಕೃತಿ ಮಾಡಿಕೊಂಡಿದ್ದಾರೆ. ಜರ್ಮನಿಯ ಯೋಸೆಫ್ ಬಾಯ್ಸ್ 1982ರಲ್ಲಿ ಕಾಸೆಲ್ ನಗರದಲ್ಲಿ 7,000 ಮರ ನೆಡಲು ಹೊರಟರು, ಪ್ರತಿ ಮರದ ಪಕ್ಕ ಒಂದು ಬಸಾಲ್ಟ್ ಕಲ್ಲು. ಅವರು 1986ರಲ್ಲಿ ತೀರಿಕೊಂಡರು. ಕೊನೆಯ ಮರವನ್ನು ಮರುವರ್ಷ ಅವರ ಮಗ ನೆಟ್ಟರು. ಫಿನ್‌ಲ್ಯಾಂಡಿನಲ್ಲಿ ಆಗ್ನೆಸ್ ಡೇನ್ಸ್ ಎಂಬ ಕಲಾವಿದೆ 1992ರಿಂದ 1996ರವರೆಗೆ ಒಂದು ಕೃತಕ ಗುಡ್ಡದ ಮೇಲೆ 11,000 ಜನರಿಂದ 11,000 ಪೈನ್ ಸಸಿ ನೆಡಿಸಿದರು, ನೆಟ್ಟವರಿಗೆಲ್ಲ 400 ವರ್ಷ ಚಾಲ್ತಿಯಲ್ಲಿರುವ ಪತ್ರ ಕೊಟ್ಟರು. ಆ ಪತ್ರದ ಮೂಲಕ ಮರ ಮಕ್ಕಳಿಗೆ, ಮೊಮ್ಮಕ್ಕಳಿಗೆ ದಾಟಿ ಹೋಗುತ್ತದೆ. ಇಂಗಾಲ ಹಿಡಿದಿಡಬೇಕಾದ ಅವಧಿಯೂ ಅಂಥದ್ದೇ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಎಂಟನೇ ಮೈಲಿಯಿಂದ ಹೆಸರಘಟ್ಟ ರಸ್ತೆ ಹಿಡಿದರೆ ಕೊನೆಯಲ್ಲಿ ವಿಶಾಲ ಹುಲ್ಲುಗಾವಲು ಸಿಗುತ್ತದೆ. ನೋಡಿದವರಿಗೆ ಖಾಲಿ ಜಾಗ ಅನಿಸುತ್ತದೆ, ಇಲ್ಲಿ ಗಿಡ ನೆಟ್ಟರೆ ಎಷ್ಟು ಚೆಂದ ಎನ್ನುತ್ತಾರೆ. ದಯವಿಟ್ಟು ನೆಡಬೇಡಿ. ಹುಲ್ಲುಗಾವಲು ತನ್ನ ಇಂಗಾಲದ ಬಹುಪಾಲನ್ನು ಬೇರು, ಮಣ್ಣಿನಲ್ಲಿ ಇಟ್ಟುಕೊಳ್ಳುತ್ತದೆ. ಬೆಂಕಿ ಬಿದ್ದರೆ ಮೇಲಿನ ಹುಲ್ಲು ಹೋಗುತ್ತದೆ, ಒಳಗಿನದು ಉಳಿಯುತ್ತದೆ. ಗುಂಡಿ ತೋಡಿದರೆ ಆ ಉಳಿತಾಯವೇ ಕೆದರಿಹೋಗುತ್ತದೆ. ಹೆಸರಘಟ್ಟಕ್ಕೆ ಕಲೆಯ ನಂಟೂ ಇದೆ. ನೃತ್ಯಗಾತಿ ಪ್ರೊತಿಮಾ ಬೇಡಿ 1990ರಲ್ಲಿ ಅಲ್ಲಿ ನೃತ್ಯಗ್ರಾಮ ಆರಂಭಿಸಿದರು. ರಾತ್ರಿಯಿಡೀ ನಡೆಯುತ್ತಿದ್ದ ವಸಂತಹಬ್ಬಕ್ಕೆ ನಗರದಿಂದ ಹೋದ ಎಷ್ಟೋ ಮಂದಿ ಆ ಬಯಲನ್ನು ಮೊದಲ ಸಲ ಕಂಡದ್ದು ಆಗಲೇ. ಕಲೆಯ ಹೆಸರಿನಲ್ಲೇ ಆ ಹುಲ್ಲುಗಾವಲಿಗೆ ಅಪಾಯವೂ ಬಂದಿತ್ತು, ಫಿಲ್ಮ್ ಸಿಟಿಯ ರೂಪದಲ್ಲಿ. ಪಕ್ಷಿವೀಕ್ಷಕರು, ಛಾಯಾಗ್ರಾಹಕರು ವರ್ಷಗಟ್ಟಲೆ ಪಟ್ಟುಬಿಡದೆ ಕೇಳಿದ ಮೇಲೆ, 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಐದು ಸಾವಿರಕ್ಕೂ ಹೆಚ್ಚು ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶ ಮಾಡಲು ಒಪ್ಪಿಗೆ ಕೊಟ್ಟಿತು. ಅವರು ತೆಗೆದ ಹಕ್ಕಿಗಳ ಚಿತ್ರಗಳನ್ನು ನೋಡದೆ ಇದ್ದಿದ್ದರೆ ಆ ನೆಲ ಖಾಲಿಯಲ್ಲ ಎಂದು ನಗರಕ್ಕೆ ಗೊತ್ತಾಗುತ್ತಲೇ ಇರಲಿಲ್ಲ.

ಆದ್ದರಿಂದ ಶಾಲೆಯಲ್ಲಿ ಪರಿಸರ ಗೀತೆ ಹಾಡಿಸುವ ಮೇಷ್ಟ್ರಿಗೆ, ಮೇಡಂಗೆ ನನ್ನ ಮಾತು ಇಷ್ಟು. ಹಾಡಿಸಿ. ಆದರೆ ‘ಪರಿಸರ’ದ ಬಗ್ಗೆ ಅಲ್ಲ, ಶಾಲೆಯ ಗೇಟಿನ ಹೊರಗಿರುವ ಹೊಂಗೆಯ ಬಗ್ಗೆ ಹಾಡಿಸಿ. ಮಗು ಆ ಮರದ ಚಿತ್ರ ಬರೆಯಲಿ, ಅದರ ಸುತ್ತಳತೆ ಅಳೆದು ಗೋಡೆಗೆ ಬರೆದಿಡಲಿ, ಮುಂದಿನ ವರ್ಷದ ತರಗತಿ ಮತ್ತೆ ಅಳೆಯಲಿ. ಒಂದು ಕಡೆ ಮರ ಕಡಿದ ಜಾಗದಲ್ಲಿ ಎದ್ದ ಕಾಂಪೌಂಡಿನ ಮೇಲೆ ಮರದ ಚಿತ್ರ ಬರೆಸಿದ್ದನ್ನು ನೋಡಿ ನನಗೆ ಬಹಳ ಬೇಸರವಾಗಿತ್ತು. ಚಿತ್ರ ಮರದ ಜಾಗ ತುಂಬಲಾರದು, ಮರವನ್ನು ಕಾಯಬಲ್ಲದು ಅಷ್ಟೆ.

ಕಾಯುವ ಕೆಲಸಕ್ಕೆ ಕಾನೂನಿನ ಬೆಂಬಲವೂ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಐವತ್ತಕ್ಕಿಂತ ಹೆಚ್ಚು ಮರ ಕಡಿಯಬೇಕಾದರೆ ವೃಕ್ಷಾಧಿಕಾರಿ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕೇಳಲೇಬೇಕು. ಆಕ್ಷೇಪಣೆಗೆ ಸಿಗುವುದು ಕೆಲವೇ ದಿನ. ಅಷ್ಟರೊಳಗೆ ಬರೆಯಬೇಕೆಂದರೆ ಯಾವ ಮರ ಎಲ್ಲಿದೆ, ಎಷ್ಟು ದಪ್ಪ, ಯಾವ ಜಾತಿ ಎಂಬುದು ಮೊದಲೇ ಗೊತ್ತಿರಬೇಕು. ನಿಮ್ಮ ರಸ್ತೆಯ ಮರಗಳ ಪಟ್ಟಿಯನ್ನು ಈ ತಿಂಗಳೇ ಮಾಡಿಡಿ, ಮಕ್ಕಳು ಬರೆದ ಚಿತ್ರಗಳನ್ನು ಅದರ ಜೊತೆಗಿಡಿ. ಪ್ರಕಟಣೆ ಕಣ್ಣಿಗೆ ಬಿದ್ದ ದಿನವೇ ಆಕ್ಷೇಪಣೆ ಕಳಿಸಿ.